ಸರಿ ಮಾಡ್ಲಾ, ಅಕ್ಕ?

ಪಂಕಜಳಿಗೆ ಹಾಲಿರಲಿಲ್ಲ.

ಕುಮಟೆಯ ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುವಾಗ ಮಗುವಿನ ಗಂಟಲು ಒದ್ದೆಯಾಗುವಷ್ಟು ಬರುತ್ತಿತ್ತು. ಅದು ಹೆಚ್ಚಲೆಂದು ತಾಯಿ ಮಾಡದ್ದಿಲ್ಲ. ಬೆಳ್ಳುಳ್ಳಿ ಸುಟ್ಟು ತಿನ್ನಿಸಿದಳು, ಮೆಂತ್ಯದ ಗಂಜಿ ಕುಡಿಸಿದಳು, ಮಗಳ ಬೆವರೇ ಸಬ್ಬಸಿಗೆ ವಾಸನೆ ಹೊಡೆಯುವಷ್ಟು ಸೊಪ್ಪು ತಿನ್ನಿಸಿದಳು. ಚಿಕ್ಕಬಾಣಾವರಕ್ಕೆ ಮರಳಿ, ರಜೆ ಮುಗಿದು, ಪೀಣ್ಯದ ಕಾರ್ಖಾನೆಯಲ್ಲಿ ರೇಡಿಯೊ ಭಾಗಗಳಿಗೆ ಬೆಸುಗೆ ಹಾಕುವ ಮೇಜಿಗೆ ವಾಪಸು ಕೂತ ಮೇಲೆ ಇದ್ದದ್ದೂ ನಿಂತಿತು. ಮಧ್ಯಾಹ್ನದ ಸೈರನ್ ಆಗುತ್ತಲೇ ಎದೆ ಬಿಗಿಯುತ್ತದೆ, ಕುಪ್ಪಸ ನೆನೆಯುತ್ತದೆ ಎಂದು ಪಕ್ಕದ ಮೇಜಿನ ಬಾಣಂತಿಯರು ಗೊಣಗುತ್ತಿದ್ದರು. ಅವರ ಆ ಗೊಣಗಾಟ ಕೇಳಿದರೆ ಪಂಕಜಳಿಗೆ ಮೈ ಉರಿಯುತ್ತಿತ್ತು. ಅವಳ ಕುಪ್ಪಸ ಒಣಗಿಯೇ ಇರುತ್ತಿತ್ತು.

ಡಬ್ಬಿ ಹಾಲಿನ ಪುಡಿ ಆ ವರ್ಷ ಅಂಗಡಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಮನೆಯ ಒಡತಿ ಚಿಕ್ಕಮುನಿಯಮ್ಮನ ಹಸುವಿನ ಹಾಲೇ ಗತಿ. ಅದಕ್ಕೆ ಅರ್ಧ ನೀರು ಬೆರೆಸಿ ಬಾಟಲಿಗೆ ಹಾಕುತ್ತಿದ್ದಳು. ಮಗುವಿಗೆ ಅದು ಸಾಲುತ್ತಿರಲಿಲ್ಲ. ಸೀತಾ ಎಂದು ಹೆಸರಿಟ್ಟಿದ್ದ ಆ ಮಗು ತನ್ನ ಮುಷ್ಟಿ ಚೀಪುತ್ತಿತ್ತು, ಕಂಬಳಿಯ ಅಂಚು ಚೀಪುತ್ತಿತ್ತು, ಎತ್ತಿಕೊಂಡರೆ ಅಪ್ಪನ ಮೂಗು ಚೀಪುತ್ತಿತ್ತು. ದ್ವಾರಕಾನಾಥ ಊಟಕ್ಕೆ ಕೂತರೆ ಮಗುವಿನ ಕಣ್ಣು ಅವನ ಕೈಯ ಬೆನ್ನಿಗೆ ಬಿದ್ದು ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ಓಡಾಡುತ್ತಿತ್ತು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ದಿನವೆಲ್ಲ ಮಾಲು ಪರೀಕ್ಷೆ ಮಾಡಿ ಹಸಿದು ಬರುತ್ತಿದ್ದ ಅವನು ಕೊನೆಗೆ ಗೋಡೆಯ ಕಡೆ ತಿರುಗಿ ಕೂತು ಉಣ್ಣುವುದನ್ನು ಕಲಿತ.

ಹಗಲು ಮಗುವನ್ನು ನೋಡಿಕೊಳ್ಳುತ್ತಿದ್ದವಳು ಕೃಷ್ಣಮ್ಮ, ಚಿಕ್ಕಮುನಿಯಮ್ಮನ ಸೊಸೆ. ಹೊಲದ ಅಂಚಿನಲ್ಲಿ ಸಾಲಾಗಿ ಕಟ್ಟಿದ್ದ ಮೂರು ಬಾಡಿಗೆ ಮನೆಗಳಿಗೂ ಒಡತಿಯ ಮನೆಗೂ ಅಂಗಳ ಒಂದೇ. ಕೃಷ್ಣಮ್ಮನಿಗೆ ಪಂಕಜಳದೇ ವಯಸ್ಸು, ಆದರೆ ಅವಳ ಇಬ್ಬರು ಗಂಡುಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದರು. ಸಣಕಲಿ, ದೊಡ್ಡ ಗಂಟಲು, ಕೂಸು ಸಾಕುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಜಂಬ. ಮಾತಿಗೆ ತಡೆ ಇರಲಿಲ್ಲ.

"ಅಲ್ಲ ಕಣಕ್ಕ, ನಮ್ ಗೌರಿ ಮುದಿ ಅಸ. ಅದೇ ಒತ್ತಿಗೆ ಎರಡು ಸೇರು ಕೊಡ್ತದೆ. ನೀವ್ ನೋಡಿದ್ರೆ ಓದಿರೋರು!" ಎಂದು ಹಾಲು ಕರೆಯುತ್ತಲೇ ಒಮ್ಮೆ ಕೂಗಿದ್ದಳು. ಅಕ್ಕಪಕ್ಕದವರೆಲ್ಲ ನಕ್ಕರು. ಪಂಕಜಳೂ ನಕ್ಕಳು. ನಕ್ಕದ್ದು ಹಲ್ಲು ಮಾತ್ರ.

ಐದನೆಯ ತಿಂಗಳಲ್ಲಿ ಅನ್ನಪ್ರಾಶನವಾಗಬೇಕಿತ್ತು. ಹೆಣ್ಣುಮಗುವಿಗೆ ಬೆಸ ತಿಂಗಳು, ಗಂಡಿಗೆ ಸಮ ತಿಂಗಳು ಎಂಬುದು ದ್ವಾರಕಾನಾಥನ ತಾಯಿ ನಾಗಲಕ್ಷ್ಮಮ್ಮನ ಲೆಕ್ಕ. ಮಲ್ಲೇಶ್ವರದಲ್ಲಿ ಹಿರಿಯ ಮಗನ ಜೊತೆಗಿದ್ದ ಆಕೆ ಭಾನುವಾರಕ್ಕೊಮ್ಮೆ ತುಮಕೂರು ಪ್ಯಾಸೆಂಜರ್ ಹಿಡಿದು ಮೊಮ್ಮಗಳನ್ನು ನೋಡಲು ಬರುತ್ತಿದ್ದಳು. ದಿನ ಗೊತ್ತಾಯಿತು, ಪುರೋಹಿತರಿಗೆ ಹೇಳಿದ್ದಾಯಿತು. ಅಷ್ಟರಲ್ಲಿ ಮನೆಯವರು ಯಾರೂ ಕಣ್ಣಾರೆ ಕಾಣದ ದಾಯಾದಿಯೊಬ್ಬ ನಂಜನಗೂಡಿನಲ್ಲಿ ಸತ್ತು ಮಗುವಿನ ಬಾಯಿ ಕಟ್ಟಿದ. ಸೂತಕ ಕಳೆಯುವ ಹೊತ್ತಿಗೆ ಐದನೆಯ ತಿಂಗಳೂ ಕಳೆಯಿತು.

"ಆರರಲ್ಲಿ ಮಾಡಿದರೆ ಆಗುವುದಿಲ್ಲವಾ ಅತ್ತೆ? ಹಸಿವಿನಿಂದ ಒದ್ದಾಡ್ತದೆ."

"ಆರು ಗಂಡಿಗೆ ಕಣೇ. ಏಳಕ್ಕೆ ಮಾಡೋಣ. ಅಲ್ಲೀವರೆಗೂ ಹಾಲು ಕುಡೀಲಿ, ಹಾಲೇನು ವಿಷವೇ?"

ಪಂಕಜ ಇದಕ್ಕೆ ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಗಂಡನ ಮನೆಯ ಪದ್ಧತಿಯಲ್ಲಿ ಮೊದಲ ತುತ್ತು ಇಡುವ ಹಕ್ಕು ಸೋದರಮಾವನದು. ಅವಳು ಅತ್ತೆಯನ್ನು ಬೇಡಿಕೊಂಡು ಅದನ್ನು ತನಗೆ ಮಾಡಿಸಿಕೊಂಡಿದ್ದಳು. "ಸರಿ, ನೀನೇ ಇಡು, ನಾವ್ಯಾರೂ ಮುಂದೆ ಬರಲ್ಲ" ಎಂದು ನಾಗಲಕ್ಷ್ಮಮ್ಮ ಮಾತು ಕೊಟ್ಟಿದ್ದಳು. ಹಾಲು ಹಸುವಿನದು, ಹಗಲಿನ ಮಡಿಲು ಕೃಷ್ಣಮ್ಮನದು, ಅನ್ನವಾದರೂ ತನ್ನ ಕೈಯದಾಗಲಿ. ಮೊದಲ ಬಾರಿ ಬಾಯಿ ತೆರೆಯುವುದು ತನ್ನ ಬೆರಳಿಗೆ. ಅದೊಂದಕ್ಕಾಗಿ ಅವಳು ಕಾಯುತ್ತಿದ್ದಳು. ಅದೊಂದಕ್ಕಾಗಿ ಮಗುವನ್ನೂ ಕಾಯಿಸುತ್ತಿದ್ದಳು.

ಸೂತಕ ಕಳೆದ ಮೇಲಿನ ಒಂದು ಬೆಳಿಗ್ಗೆ. ಕಾರ್ಖಾನೆಯ ಬಸ್ಸು ಕ್ರಾಸಿನಲ್ಲಿ ನಿಂತು ಹಾರನ್ನು ಒತ್ತುತ್ತಿತ್ತು. ಪಂಕಜ ಚೀರುತ್ತಿದ್ದ ಮಗುವನ್ನು, ಬಾಟಲಿಯನ್ನು, ಬಟ್ಟೆಯ ಗಂಟನ್ನು ಒಟ್ಟಿಗೆ ಕೃಷ್ಣಮ್ಮನ ಕೈಗೆ ತುರುಕಿದಳು.

"ಬರೀ ಆಲು ಸಾಲ್ದು ಕಣಕ್ಕ ಇವ್ಳಿಗೆ," ಎಂದಳು ಕೃಷ್ಣಮ್ಮ. ಹಾರನ್ನಿನ ಸದ್ದಿನಲ್ಲಿ ಪಂಕಜಳಿಗೆ ಅದು ಕೇಳಲಿಲ್ಲ. ಕೃಷ್ಣಮ್ಮ ಗಂಟಲು ಎತ್ತರಿಸಿ ಕೇಳಿದಳು: "ಸರಿ ಮಾಡ್ಲಾ, ಅಕ್ಕ?"

"ಸರಿ ಮಾಡಿ ಮಾರಾಯ್ತಿ, ನಿಮ್ಮಿಂದಲೇ ಆಗಬೇಕು!" ಎಂದು ಕೂಗಿ ಪಂಕಜ ಬಸ್ಸಿಗೆ ಓಡಿದಳು. ಅಳುವ ಮಗುವನ್ನು ಸರಿಮಾಡಲೇ ಎಂದು ಕೇಳಿದಳೆಂದು ಅವಳು ತಿಳಿದಳು. ಕುಮಟೆಯಲ್ಲಿ ಕೂಸಿಗೆ ಕಾಸಿ ಕೊಡುವ ರಾಗಿ ಗಂಜಿಗೆ ಮಣ್ಣಿ ಅನ್ನುತ್ತಾರೆ. ಅದನ್ನೇ ಇನ್ನೊಂದು ಬಗೆಯಲ್ಲಿ ಮಾಡಿ ಈ ಸೀಮೆಯಲ್ಲಿ ಸರಿ ಅನ್ನುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಎರಡು ವರ್ಷ ಸಂಸಾರ ಮಾಡಿದವಳಿಗೆ ಆ ಮಾತು ಕಿವಿಗೆ ಬೀಳುವ ಸಂದರ್ಭವೂ ಬಂದಿರಲಿಲ್ಲ.

ಮಗು ಸರಿಹೋಯಿತು. ವಾರ ಕಳೆಯುವುದರಲ್ಲಿ ಸಂಜೆ ಬರುವಾಗ ಚೀರಾಟವಿಲ್ಲ. ಕೆನ್ನೆ ತುಂಬಿತು, ಮಣಿಕಟ್ಟಿನಲ್ಲಿ ಗೆರೆ ಬಿತ್ತು. "ನೋಡೇ, ಹೇಗೆ ದುಂಡಗಾಗಿದ್ದಾಳೆ," ಎಂದು ದ್ವಾರಕಾನಾಥ ಸಂತೋಷಪಟ್ಟು ಮತ್ತೆ ಮಗುವಿನ ಕಡೆ ಮುಖ ಮಾಡಿ ಉಣ್ಣತೊಡಗಿದ. ಕೃಷ್ಣಮ್ಮ ಮಗುವಿಗೆ ಗುಂಡವ್ವ ಎಂದು ಹೆಸರಿಟ್ಟಳು.

ಆದರೆ ಭಾನುವಾರ ಬಂದರೆ ಮಗು ಅಳುತ್ತಿತ್ತು. ಆರು ದಿನ ಕೃಷ್ಣಮ್ಮನ ಹತ್ತಿರ ಸುಮ್ಮನಿರುವ ಕೂಸು ಏಳನೆಯ ದಿನ ಹೆತ್ತವಳ ಮಡಿಲಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಿರುಚುತ್ತಿತ್ತು. ಬಾಟಲಿ ಕೊಟ್ಟರೆ ತಳ್ಳುತ್ತಿತ್ತು. ಅಂಗಳದಲ್ಲಿ ಕೃಷ್ಣಮ್ಮನ ಗಂಟಲು ಕೇಳಿದರೆ ಕತ್ತು ಹೊರಳಿಸಿ ಬಾಗಿಲ ಕಡೆ ನೋಡುತ್ತಿತ್ತು. ಪಂಕಜ ಎದ್ದು ಹೋಗಿ ಬಾಗಿಲು ಹಾಕುತ್ತಿದ್ದಳು.

ಸೋಮವಾರ ಕೃಷ್ಣಮ್ಮ ಮಗುವನ್ನು ಎತ್ತಿಕೊಂಡು ಹೊಟ್ಟೆ ಮುಟ್ಟಿ ನೋಡಿದಳು. "ನೆನ್ನೆ ಸರಿ ಕೊಡ್ಲಿಲ್ವಾ ಅಕ್ಕ?"

"ಸರಿಯಾಗೇ ಕೊಟ್ಟಿದ್ದೇನಪ್ಪ," ಎಂದಳು ಪಂಕಜ, ಹುಬ್ಬು ಗಂಟಿಕ್ಕಿ. ತನ್ನ ಮಗುವಿಗೆ ಹಾಲು ಕುಡಿಸಲು ತನಗೆ ಬಾರದೆ?

ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಭಾಗ್ಯಮ್ಮನಿಗೆ ಇದನ್ನು ಹೇಳಿಕೊಂಡದ್ದು ತಪ್ಪಾಯಿತು. ಭಾಗ್ಯಮ್ಮ ತಂತಿಗೆ ಬೆಸುಗೆ ಹಾಕುತ್ತ ತಲೆಯೆತ್ತದೆ ಹೇಳಿದಳು: "ಬಿಡೇ, ಇನ್ನೇನು, ಅವಳನ್ನೇ ಅಮ್ಮ ಅನ್ನುತ್ತೆ. ನಿನ್ನನ್ನ ಪಂಕಜಾಂಟಿ ಅನ್ನುತ್ತೆ." ಮೇಜಿನುದ್ದಕ್ಕೂ ನಗು ಹರಿಯಿತು.

ಅಂದಿನಿಂದ ಪಂಕಜ ಮಗುವನ್ನು ನೋಡುವುದನ್ನು ಬಿಟ್ಟು ಮಗು ಯಾರನ್ನು ನೋಡುತ್ತದೆ ಎಂಬುದನ್ನು ನೋಡತೊಡಗಿದಳು. ಸಂಜೆ ಕೈ ಚಾಚಿದರೆ ಅದು ಕೃಷ್ಣಮ್ಮನ ಭುಜಕ್ಕೆ ಮುಖ ಒತ್ತುತ್ತಿತ್ತು. ಬೆರಳಿನಲ್ಲಿ ಬೆಸುಗೆಯ ರಾಳದ ವಾಸನೆ ಇದೆಯೇನೋ ಎಂದು ಕಡಲೆಹಿಟ್ಟು ಹಚ್ಚಿ ತಿಕ್ಕಿ ತೊಳೆದು ಬಂದರೂ ಅಷ್ಟೇ. "ಓಗವ್ವಾ ಗುಂಡವ್ವ, ನಿಮ್ಮಮ್ಮ ಅಲ್ವಾ? ಪಾಪ, ದುಡ್ದು ಬಂದವ್ಳೆ," ಎಂದು ಕೃಷ್ಣಮ್ಮ ಮಗುವನ್ನು ಭುಜದಿಂದ ಬಿಡಿಸಿ ಕೊಡುತ್ತಿದ್ದಳು. ಕೊಡುವಾಗ ಆ ಸಣಕಲು ಮುಖದಲ್ಲಿ ಮೂಡುತ್ತಿದ್ದ ಹೆಮ್ಮೆಯನ್ನು ಅವಳು ಮುಚ್ಚಿಡುತ್ತಿರಲಿಲ್ಲ. ಆ 'ಪಾಪ' ಎಂಬ ಮಾತು ಪಂಕಜಳ ಜೊತೆ ಮನೆಯೊಳಗೆ ಬರುತ್ತಿತ್ತು, ಒಲೆಯ ಮುಂದೆ ಕೂರುತ್ತಿತ್ತು. ಮಗುವಿನ ಬಾಯಲ್ಲಿ ಹುರಿದ ಕಾಳಿನಂಥ ಒಂದು ವಾಸನೆಯೂ ಬರುತ್ತಿತ್ತು. ಕೃಷ್ಣಮ್ಮನ ಸೆರಗಿನದಿರಬೇಕು ಎಂದು ಅವಳು ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದಳು.

ಒಂದು ಗುರುವಾರ ಪೀಣ್ಯದಲ್ಲಿ ಕರೆಂಟು ಹೋದದ್ದು ಬರಲಿಲ್ಲ. ಮಧ್ಯಾಹ್ನಕ್ಕೇ ಎಲ್ಲರನ್ನೂ ಮನೆಗೆ ಕಳಿಸಿದರು. ಪಂಕಜ ಕ್ರಾಸಿನಲ್ಲಿ ಇಳಿದು ಬಂದಾಗ ಕೃಷ್ಣಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಚಾಚಿದ ಕಾಲಿನ ಮೇಲೆ ಮಗು. ಪಕ್ಕದಲ್ಲಿ ಕಂಚಿನ ಬಟ್ಟಲು, ಅದರಲ್ಲಿ ನುಣ್ಣನೆಯ ಕಂದು ಗಂಜಿ, ಮೇಲೆ ತುಪ್ಪದ ಹೊಳಪು. ಕೃಷ್ಣಮ್ಮ ಬೆರಳಿನಿಂದ ಬಳಿದು ಬಾಯಿಗಿಡುತ್ತಿದ್ದಳು. ಒಂದನ್ನು ನುಂಗುವ ಮೊದಲೇ ಮಗು ಮುಂದಿನದಕ್ಕೆ ಬಾಯಿ ತೆರೆಯುತ್ತಿತ್ತು, ಬೆರಳು ತಡವಾದರೆ ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದು ಎಳೆದುಕೊಳ್ಳುತ್ತಿತ್ತು.

"ಬನ್ನಿ ಅಕ್ಕ, ಒಳ್ಳೆ ಒತ್ತಿಗೆ ಬಂದ್ರಿ!" ಕೃಷ್ಣಮ್ಮ ಕೂಗಿದಳು. "ನೋಡಿ, ನಿಮ್ ಮಗ್ಳು ಸರಿ ಎಂಗೆ ತಿಂತಾಳೆ. ರಾಗಿ ಮೊಳಕೆ ಕಟ್ಟಿ, ಉರ್ದು, ನಾನೇ ಬೀಸಿರೋದು. ನನ್ ಮಕ್ಳಿಗೂ ಇಂಗೆ ಮಾಡ್ಕೊಟ್ಟಿಲ್ಲ!"

ಸರಿ.

ಪಂಕಜಳಿಗೆ ಆ ಒಂದು ಕ್ಷಣದಲ್ಲಿ ಎಲ್ಲ ಗೊತ್ತಾಯಿತು. ಬಸ್ಸಿನ ಹಾರನ್ನು, ಕೃಷ್ಣಮ್ಮ ಕೇಳಿದ ಮಾತು, ತಾನು ಕೊಟ್ಟ ಉತ್ತರ. ಭಾನುವಾರಗಳ ಅಳು ತನ್ನ ಮೇಲಿನ ಸಿಟ್ಟಲ್ಲ, ಬರೀ ಹಸಿವು ಎಂಬುದೂ ಗೊತ್ತಾಯಿತು. ಇದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಬಾಯಿ ಮೊದಲು ತೆರೆದದ್ದು ಈ ಬೆರಳಿಗೆ. ಅದು ಯಾವ ದಿನ, ಯಾವ ಹೊತ್ತು ಎಂಬುದೂ ತನಗೆ ಗೊತ್ತಿಲ್ಲ. ತಾನು ಆಗ ಯಾವುದೋ ತಂತಿಯ ತುದಿಗೆ ಸೀಸ ಕರಗಿಸುತ್ತಿದ್ದಿರಬೇಕು.

"ಚೆನ್ನಾಗಿದೆ," ಎಂದಳು. ಮಗು ಬಟ್ಟಲು ಮುಗಿಸುವವರೆಗೆ ನಿಂತು ನೋಡಿದಳು. ಶುಕ್ರವಾರ, ಶನಿವಾರ ಎಂದಿನಂತೆ ಮಗುವನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋದಳು. ಗಂಡನಿಗೂ ಹೇಳಲಿಲ್ಲ. ಹೇಳಿದರೆ ಅವನು "ಹೋಗ್ಲಿ ಬಿಡೇ, ತಿಂತಾ ಇದೆಯಲ್ಲ" ಅನ್ನುತ್ತಾನೆಂದು ಗೊತ್ತಿತ್ತು. ಭಾನುವಾರ ಪ್ಯಾಸೆಂಜರ್ ಬರಲೆಂದು ಕಾದಳು.

ಅತ್ತೆ ಕಾಲು ತೊಳೆದು ಒಳಗೆ ಬರುತ್ತಲೇ ಹೇಳಿದಳು: "ಅತ್ತೆ, ಕೃಷ್ಣಮ್ಮ ನಮ್ಮನ್ನು ಕೇಳದೆ ಮಗುವಿಗೆ ರಾಗಿ ತಿನ್ನಿಸಿದ್ದಾರೆ. ಶಾಸ್ತ್ರಕ್ಕೆ ಮುಂಚೆಯೇ."

ನಾಗಲಕ್ಷ್ಮಮ್ಮ ಕೆಟ್ಟ ಹೆಂಗಸಲ್ಲ. ಆದರೆ ಶಾಸ್ತ್ರಕ್ಕೆ ಮುಂಚೆ, ಅದೂ ಒಕ್ಕಲಿಗರ ಮನೆಯ ಬಟ್ಟಲಲ್ಲಿ ಎಂದ ಮೇಲೆ ಆಕೆ ಸುಮ್ಮನಿರುವುದು ಸಾಧ್ಯವಿರಲಿಲ್ಲ. ನಿಂತ ಕಾಲಲ್ಲಿ ಅಂಗಳಕ್ಕೆ ಇಳಿದಳು. ಚಿಕ್ಕಮುನಿಯಮ್ಮ ಕೊಟ್ಟಿಗೆಯಿಂದ ಸೆಗಣಿ ಕೈಯಲ್ಲೇ ಬಂದಳು, ಕೃಷ್ಣಮ್ಮ ಒಳಗಿನಿಂದ ಬಂದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಂಡವು.

"ಏನಮ್ಮ ಕೃಷ್ಣಮ್ಮ, ಕೂಸಿನ ತಾಯಿನ ಒಂದು ಮಾತು ಕೇಳೋದು ಬೇಡ್ವಾ? ನಮ್ಮಲ್ಲಿ ಒಂದು ಪದ್ಧತಿ ಅಂತ ಇರುತ್ತೆ."

"ಕೇಳೀವ್ನಿ ಕಣ್ರವ್ವ!" ಕೃಷ್ಣಮ್ಮ ಕಣ್ಣರಳಿಸಿದಳು. ಇನ್ನೂ ನಗುತ್ತಲೇ ಇದ್ದಳು. "ಸರಿ ಮಾಡ್ಲಾ ಅಕ್ಕ ಅಂದೆ. ಸರಿ ಮಾಡಿ ಮಾರಾಯ್ತಿ ಅಂದ್ರು. ಮಾರಾಯ್ತಿ ಅನ್ನೋರು ಈ ಚಿಕ್ಬಾಣಾವರ್ದಾಗೆ ಇನ್ಯಾರವ್ರೆ, ನೀವೇ ಏಳಿ!"

ಯಾರೋ ಕಿಸಕ್ಕೆಂದರು. ನಾಗಲಕ್ಷ್ಮಮ್ಮ ಮೈಸೂರು ಸೀಮೆಯವಳು, ಸರಿ ಎಂದರೇನೆಂದು ಗೊತ್ತಿದ್ದವಳು. ತನ್ನ ಇಬ್ಬರು ಮಕ್ಕಳಿಗೂ ಅದನ್ನೇ ತಿನ್ನಿಸಿ ಬೆಳೆಸಿದವಳು. ಅವಳ ಸಿಟ್ಟು ಅರ್ಧ ಇಳಿಯಿತು. ಸೊಸೆಯ ಕಡೆ ತಿರುಗಿದಳು.

"ಹೌದೇನೇ? ಕೇಳಿದ್ಳಾ?"

ಪಂಕಜ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು. ಕೇಳಿದ್ದು ನಿಜ, ನನಗೆ ಅದರ ಅರ್ಥ ಬೇರೆಯಾಯಿತು ಎಂದಿದ್ದರೆ ಅಂಗಳವೆಲ್ಲ ನಕ್ಕು, ಅತ್ತೆಯೂ ನಕ್ಕು, ಅಲ್ಲಿಗೆ ಮುಗಿಯುತ್ತಿತ್ತು. ಮುಗಿದ ಮೇಲೆ ಕೃಷ್ಣಮ್ಮ ಮತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಗುಂಡವ್ವ ಅನ್ನುತ್ತಿದ್ದಳು. ಪಂಕಜ ಅವಳ ಸೊಂಟವನ್ನೇ ನೋಡಿದಳು. ಸೀರೆ ಅಲ್ಲಿ ಮಗು ಕೂತು ಕೂತು ಮಾಸಿತ್ತು.

"ಇಲ್ಲ," ಎಂದಳು. "ಅವರು ಕೇಳಲೇ ಇಲ್ಲ."

ಕೃಷ್ಣಮ್ಮನ ನಗು ಮುಖದಲ್ಲಿ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ತಮಾಷೆ ಎಂದುಕೊಂಡವಳ ಹಾಗೆ. "ಅಕ್ಕ, ಬಸ್ಸು ಬಂದಿತ್ತಲ್ಲ ಅವತ್ತು. ನೀವೇ ಅಂದ್ರಲ್ಲ."

"ನಾನು ಅನ್ನಲಿಲ್ಲ."

ಚಿಕ್ಕಮುನಿಯಮ್ಮ ಸೊಸೆಯನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಳು, ಹಿಟ್ಟಿನ ಡಬ್ಬಿ ಹಿಡಿದು ಹೊರಗೆ ಬಂದಳು. "ಬಾಡಿಗೆ ಇರೋರ ಮಗೀನ್ ತಂಟೆ ನಿಂಗ್ಯಾಕಮ್ಮಿ? ಬ್ರಾಂಬ್ರ ಕೂಸಿಗೆ ಕದ್ದು ತಿನ್ನಿಸ್ತೀಯಾ? ನಾಳೆ ಎಚ್ಚುಕಮ್ಮಿ ಆದ್ರೆ ನಮ್ ತಲೆ ಮ್ಯಾಲೆ ತಾನೆ?" ಎಂದು ಡಬ್ಬಿಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಕಟ್ಟಿದ್ದ ಹಸುವಿನ ಬಾನಿಗೆ ಬೋರಲು ಹಾಕಿದಳು. "ತಗಾ ಗೌರಿ, ನಿಂಗೇ ಋಣ ಇದ್ದದ್ದು." ಆಮೇಲೆ ಸೊಸೆಯ ಕೈ ಎಳೆದು ಹಸುವಿನ ಬೆನ್ನ ಮೇಲಿಟ್ಟು, ಇನ್ನು ಈ ಮಗುವಿಗೆ ಒಂದು ಅಗುಳು ಕೊಡುವುದಿಲ್ಲ, ಮುಟ್ಟುವುದಿಲ್ಲ ಎಂದು ಎಲ್ಲರೆದುರಿಗೆ ಆಣೆ ಮಾಡಿಸಿದಳು.

ಕೃಷ್ಣಮ್ಮ ಆಣೆ ಮಾಡಿದಳು. ಪಂಕಜಳ ಕಡೆ ನೋಡಿ, "ಆಯ್ತು ಬಿಡಿ. ನಾನೇ ಸುಳ್ಳಿ," ಎಂದು ಒಳಗೆ ಹೋದಳು.

ಪಂಕಜಳಿಗೆ ಆ ದಿನ ಚೆನ್ನಾಗಿ ಹಸಿವಾಯಿತು. ಎರಡು ಸಲ ಬಡಿಸಿಕೊಂಡು ಉಂಡಳು.

ಶಾಸ್ತ್ರಕ್ಕೆ ಇನ್ನೂ ದಿನಗಳಿದ್ದವು. ಅಲ್ಲಿಯವರೆಗೆ ಹಾಲು ಬಿಟ್ಟು ಬೇರೇನೂ ಬೇಡ ಎಂದು ನಾಗಲಕ್ಷ್ಮಮ್ಮ ಅಲ್ಲೇ ಉಳಿದಳು. ಮಗು ಮೊದಮೊದಲು ಚೀರಿತು, ಆಮೇಲೆ ದನಿ ಕುಗ್ಗಿ ನರಳತೊಡಗಿತು. ಅಂಗಳದಲ್ಲಿ ಕೃಷ್ಣಮ್ಮ ಮಕ್ಕಳನ್ನು ಬೈದರೆ ಸಾಕು, ನರಳಾಟ ನಿಲ್ಲಿಸಿ ಬಾಯಿ ತೆರೆದು ಕಾಯುತ್ತಿತ್ತು. ಆ ತೆರೆದ ಬಾಯನ್ನು ನೋಡಿದಾಗಲೆಲ್ಲ ಪಂಕಜ, ಇನ್ನು ಸ್ವಲ್ಪ ದಿನ, ಎಂದುಕೊಳ್ಳುತ್ತಿದ್ದಳು. ಮರೆಯುತ್ತದೆ. ಕೂಸಿಗೇನು ನೆನಪು.

ಏಳನೆಯ ತಿಂಗಳಲ್ಲಿ ಅನ್ನಪ್ರಾಶನವಾಯಿತು. ಪಂಕಜ ಮದುವೆಯ ಸೀರೆ ಉಟ್ಟು, ಬೆಳ್ಳಿ ಬಟ್ಟಲಿನ ಪಾಯಸದಲ್ಲಿ ಬೆರಳದ್ದಿ ಮಗುವಿನ ತುಟಿಗೆ ಹಿಡಿದಳು. ಮಗು ತುಟಿ ಬಿಗಿಹಿಡಿಯಿತು. ಕೆನ್ನೆ ಒತ್ತಿದಳು. ಒಳಗೆ ಹೋದದ್ದು ನಾಲಿಗೆಯ ಮೇಲಿಂದ ತಿರುಗಿ ಗಲ್ಲದ ಮೇಲೆ ಇಳಿಯಿತು. ಇನ್ನೊಮ್ಮೆ ಇಟ್ಟಳು, ಮತ್ತೆ ಇಳಿಯಿತು.

"ಆಯ್ತಮ್ಮ, ನಾಲಿಗೆಗೆ ಮುಟ್ಟಿದರೆ ಶಾಸ್ತ್ರ ಮುಗೀತು," ಎಂದರು ಪುರೋಹಿತರು.

"ಸೊಸೆ ಕೈರುಚಿ ಮೊಮ್ಮಗಳಿಗೆ ಹಿಡಿಸಲಿಲ್ಲ ಅಂತ ಕಾಣುತ್ತೆ ನಾಗಲಕ್ಷ್ಮಮ್ಮನೋರೆ!" ಎಂದು ಬಂದಿದ್ದ ಹೆಂಗಸೊಬ್ಬಳು ಹಾಸ್ಯ ಮಾಡಿದಳು. ಎಲ್ಲರೂ ನಕ್ಕರು. ಪಂಕಜ ಮಗುವಿನ ಗಲ್ಲವನ್ನು ಸ್ವಲ್ಪ ಜೋರಾಗಿಯೇ ಒರೆಸಿದಳು.

ಅತ್ತೆ ಮಲ್ಲೇಶ್ವರಕ್ಕೆ ಹೋದಳು. ಪಂಕಜ ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕೂತಳು. ಅನ್ನ ಮಿದ್ದು ಕೊಟ್ಟಳು, ಬೇಳೆ ಕಟ್ಟು ಕೊಟ್ಟಳು. ತಾಯಿ ಕಲಿಸಿದ ಹಾಗೆ ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಬೆಲ್ಲ ಹಾಕಿ ಮಣ್ಣಿ ಕಾಸಿದಳು. ಅದು ತಪ್ಪಿಲ್ಲದ ಮಣ್ಣಿ, ಕುಮಟೆಯ ಯಾವ ಕೂಸಾದರೂ ನೆಕ್ಕಿಬಿಡುವಂಥದ್ದು. ಈ ಕೂಸು ಮೂಸಿ ನೋಡಿ ಮುಖ ತಿರುಗಿಸಿತು. ಅದಕ್ಕೆ ಬೇಕಾದದ್ದು ಹುರಿದ ಹಿಟ್ಟಿನ ಆ ವಾಸನೆ, ದಿನದಿನವೂ ಒದ್ದೆ ಬಟ್ಟೆಯಿಂದ ಅವಳು ಒರೆಸಿದ್ದ ವಾಸನೆ. ಕೃಷ್ಣಮ್ಮನ ಹಾಗೆ ರಾಗಿ ಹುರಿದು ಬೀಸಲು ಅವಳ ಮನಸ್ಸು ಒಪ್ಪಲಿಲ್ಲ. ಬಾಯಿ ಬಿಡಿಸಿ ಹಾಕಿದರೆ ವಾಂತಿ. ಮಣಿಕಟ್ಟಿನ ಗೆರೆ ಅಳಿಸಿತು. ದ್ವಾರಕಾನಾಥ 'ದುಂಡಗೆ' ಎಂಬ ಮಾತು ಬಿಟ್ಟ, ಮತ್ತೆ ಗೋಡೆಯ ಕಡೆ ತಿರುಗಿದ.

"ಹೋಗಿ ಆ ಕೃಷ್ಣಮ್ಮನ್ನ ಕೇಳಿ ಸ್ವಲ್ಪ ಹಿಟ್ಟು ಇಸ್ಕೊಂಡು ಬಾರೇ," ಎಂದ ಒಂದು ಬೆಳಿಗ್ಗೆ. "ಶಾಸ್ತ್ರ ಆಯ್ತಲ್ಲ, ಈಗೇನು ಅಡ್ಡಿ?"

"ನೀವೇ ಕೇಳಿ."

"ಜಗಳ ಮಾಡಿದ್ದು ನಾನಾ?"

ಹೋದಳು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳ ದಾಟಿದಳು. ಕೃಷ್ಣಮ್ಮ ಜಗಲಿಯ ಮೇಲೆ ಕೂತು, ಪಾತ್ರೆಯ ಬಾಯಿಗೆ ತೆಳ್ಳನೆಯ ಹಳೇ ಪಂಚೆ ಕಟ್ಟಿ ಬೀಸಿದ ಹಿಟ್ಟು ಸೋಸುತ್ತಿದ್ದಳು. ಅವಳ ನಾದಿನಿಯ ಬಾಣಂತನ ಮುಗಿದಿತ್ತು. ಆ ಕೂಸಿಗೆ ಕಳಿಸಲು ಇರಬೇಕು. ಮೊಣಕೈವರೆಗೆ ಹಿಟ್ಟು ಹತ್ತಿತ್ತು. ಗಾಳಿಯಲ್ಲಿ ಆ ವಾಸನೆ.

ಮಗು ಉಸಿರೆಳೆದು ಎರಡೂ ಕೈ ಮುಂದೆ ಚಾಚಿ ಬಾಗಿತು. ಪಂಕಜ ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿತ್ತು. ಕೃಷ್ಣಮ್ಮನ ಕೈಗಳು ತಾವಾಗಿ ಮೇಲೆದ್ದವು. ಮರುಕ್ಷಣ ಅವಳು ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಏನ್ ಬೇಕಿತ್ತು ಮೇಡಂ?"

ಅದುವರೆಗೆ ಅವಳು ಪಂಕಜಳನ್ನು ಮೇಡಂ ಎಂದು ಕರೆದಿರಲಿಲ್ಲ. ಆ ಮಾತು ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಹೇಳುವ ಮಾತು.

"ಸ್ವಲ್ಪ ಹಿಟ್ಟು ಬೇಕಿತ್ತು ಕೃಷ್ಣಮ್ಮ. ಮಗು ಏನೂ ತಿನ್ನುವುದಿಲ್ಲ."

"ಕಾಣ್ತದೆ." ಕೃಷ್ಣಮ್ಮ ಮಗುವಿನ ಕೈಕಾಲು ನೋಡಿದಳು. "ನಾನ್ ಆಣೆ ಮಾಡೀವ್ನಿ. ಅಸ ಮುಟ್ಟಿ ಮಾಡಿರೋದು, ನಂಗೆ ಎರಡು ಮಕ್ಳವ್ರೆ. ನಮ್ಮತ್ತೆ ಅಲ್ಲೇ ಕೊಟ್ಟಿಗೇಲಿ ಅವ್ರೆ ನೋಡಿ. ಓಗಿ ಒಂದೇ ಮಾತು ಏಳಿ, ಕೃಷ್ಣ ಕೇಳಿದ್ಳು, ನಾನೇ ಸರಿ ಅಂದೆ ಅಂತ. ಆಣೆ ಅವ್ರೇ ಬಿಡಿಸ್ತಾರೆ. ಈಗ್ಲೇ ಕಾಸಿ ತಿನ್ನಿಸ್ತೀನಿ. ಡಬ್ಬಿ ಸಮೇತ ತಗಂಡೋಗಿ."

ಕೊಟ್ಟಿಗೆ ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ಚಿಕ್ಕಮುನಿಯಮ್ಮ ಹಸುವಿನ ಮೈ ಉಜ್ಜುತ್ತಿದ್ದಳು.

ಪಂಕಜ ಅತ್ತ ತಿರುಗಿದಳು. ಮಾತು ನಾಲಿಗೆಯವರೆಗೆ ಬಂದಿತ್ತು ಎಂಬುದು ನಿಜ. ಆದರೆ ಅಷ್ಟರಲ್ಲಿ ಮಗು ಅವಳ ಕುತ್ತಿಗೆಗೆ ಕೈ ಕೊಟ್ಟು ತಳ್ಳಿ, ಕೃಷ್ಣಮ್ಮನ ಕಡೆ ಇನ್ನಷ್ಟು ಬಾಗಿ, ಬಾಯಿ ಅಗಲ ತೆರೆಯಿತು. ಪಾಯಸಕ್ಕೆ ತೆರೆಯದ ಬಾಯಿ, ಮಣ್ಣಿಗೆ ತೆರೆಯದ ಬಾಯಿ. ಕೃಷ್ಣಮ್ಮ ಅದನ್ನು ಕಂಡು, ತಡೆಯಲಾರದೆ, "ಗುಂಡವ್ವ" ಎಂದಳು. ಬಹಳ ಮೆಲ್ಲಗೆ ಅಂದಳು. ಆದರೆ ಅವಳ ಮುಖದಲ್ಲಿ ಆ ಹಳೆಯ ಹೆಮ್ಮೆ ಒಂದು ಗಳಿಗೆ ಮಿನುಗಿ ಹೋದದ್ದನ್ನು ಪಂಕಜ ಕಂಡಳು.

"ನೀವು ಕೇಳಿದ್ದು ನನಗೆ ನೆನಪಿಲ್ಲ," ಎಂದಳು ಪಂಕಜ.

ಕೃಷ್ಣಮ್ಮ ಪಾತ್ರೆಯ ಕಡೆ ತಿರುಗಿ ಪಂಚೆಯ ಮೇಲೆ ಹಿಟ್ಟು ಸುರಿದುಕೊಂಡಳು.

"ಸರಿ ಮೇಡಂ."

ಮಗುವಿನ ಚೀರಾಟ ಅಂಗಳ ದಾಟುವವರೆಗೂ, ಬಾಗಿಲು ಹಾಕಿದ ಮೇಲೂ ನಡೆಯಿತು. ಕೊಟ್ಟಿಗೆಯಿಂದ ಚಿಕ್ಕಮುನಿಯಮ್ಮ, "ಯಾಕಮ್ಮಿ ಅದು ಅಂಗೆ ಅರಚ್ಕೊಳ್ತದೆ?" ಎಂದು ಕೇಳಿದ್ದೂ ಒಳಗೆ ಕೇಳಿಸಿತು. ಕೃಷ್ಣಮ್ಮ ಏನು ಹೇಳಿದಳೋ ಕೇಳಲಿಲ್ಲ.

ಆ ವಾರವೇ ಮಗುವಿಗೆ ಭೇದಿ ಹತ್ತಿತು. ಡಿಸ್ಪೆನ್ಸರಿಯ ಡಾಕ್ಟರು ಹೊಟ್ಟೆಯ ಚರ್ಮ ಚಿವುಟಿ ಹಿಡಿದು, ಬಿಟ್ಟು, ಅದು ಕೂಡಲೇ ಇಳಿಯದ್ದನ್ನು ನೋಡಿ ಪಂಕಜಳನ್ನು ಬೈದರು. ಊಟ ಶುರುಮಾಡಿದ ಮೇಲೆ ಯಾಕೆ ನಿಲ್ಲಿಸಿದಿರಿ ಎಂದರು. ದ್ವಾರಕಾನಾಥ ಹೆಂಡತಿಯ ಮುಖ ನೋಡಿದ. ಅವಳು ಮಗುವನ್ನು ತೂಗಿದ ತಕ್ಕಡಿ ನೋಡುತ್ತಿದ್ದಳು.

ಮಗು ಬದುಕಿತು. ನಾಗಲಕ್ಷ್ಮಮ್ಮ ಅದನ್ನು ಮಲ್ಲೇಶ್ವರಕ್ಕೆ ಎತ್ತಿಕೊಂಡು ಹೋಗಿ, ರಾಗಿ ಹುರಿದು ಬೀಸಿಸಿ, ತಾನೇ ಸರಿ ಮಾಡಿ ತಿನ್ನಿಸಿದಳು. ಅವಳ ಕೈಗೆ ಅದು ಬಾಯಿ ತೆರೆಯಿತು. ಪಂಕಜ ಪಕ್ಕದಲ್ಲಿ ಕೂತು ನೋಡಿದಳು. ಅಷ್ಟರಲ್ಲಿ ರಜೆ ಮೀರಿ ಪೀಣ್ಯದಲ್ಲಿ ಅವಳ ಮೇಜಿಗೆ ಬೇರೆಯವಳು ಬಂದು ಕೂತಿದ್ದಳು. ಚಿಕ್ಕಬಾಣಾವರದ ಮನೆಯನ್ನು ದ್ವಾರಕಾನಾಥ ಒಬ್ಬನೇ ಹೋಗಿ ಖಾಲಿ ಮಾಡಿದ.

ಹೋದದ್ದು ಇಷ್ಟು: ಮಗುವಿನ ಮೈಯಿಂದ ಮುಕ್ಕಾಲು ಕಿಲೋ, ಒಂದು ನೌಕರಿ, ಒಂದು ಬಾಡಿಗೆ ಮನೆ, ಅಕ್ಕ ಎಂದು ಕರೆಯುತ್ತಿದ್ದವಳು ಒಬ್ಬಳು.